ಹಿಂಜಗಲಿ

ಮಾಲ್ದಾರೆ ತೋಟದ ಹಾಜರಿ ಶೆಡ್ಡಿನಲ್ಲಿ
ಏಳಿಂಚಿನ ಒಂದು ಪರದೆ.
ಬೆಳಿಗ್ಗೆ ಏಳಕ್ಕೆ ಅದು ಹೇಳಬೇಕಾದ್ದು ಒಂದೇ ಮಾತು:
ರಾತ್ರಿ ಬಂದ ಆನೆ ಈಗ ಯಾವ ಬ್ಲಾಕಿನಲ್ಲಿ ನಿಂತಿದೆ.

ಹಳೆಯ ಪರದೆ ಹಿಂಗಾರಿನ ಸಿಡಿಲಿಗೆ ಸತ್ತಿತು.
ಹೊಸದನ್ನು ತಂದು ಕೂರಿಸಿದವನು ನಾನೇ,
ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಯವನು.
ಅದೇ ಅಳತೆ, ಅದೇ ಐವತ್ತು ಪಿನ್ನು, ಬೇರೆ ಕಂಪನಿ.
ಬೆಳಕು ಬಂತು. ದುಡ್ಡು ಎಣಿಸಿಕೊಂಡೆ.
‘ಎಡದಂಚು ಯಾರೋ ಕಚ್ಚಿದ ಹಾಗಿದೆಯಲ್ಲ?’
ಎಂದರು ರೈಟರ್ ಕುಶಾಲಪ್ಪ.
ನೋಡೋಣ ಎಂದೆ.

ನೋಡಲಿಲ್ಲ.

ಗುರುವಾರ ಪರದೆ ಹೇಳಿತು:
7ನೇ ಬ್ಲಾಕ್, ಆನೆ ಎರಡು, ಮರಿ ಒಂದು.
ಏಳನ್ನು ಬಿಟ್ಟು ಇಪ್ಪತ್ತೆರಡು ಜನ
ಚೀಲ ಹೆಗಲಿಗೇರಿಸಿ ಹದಿನೇಳಕ್ಕೆ ನಡೆದರು.
ಬೇಲಿಯ ಹತ್ತಿರ ಪಾಲಿ ನಿಂತಳು, ಮೂಗೆತ್ತಿದಳು.
ಕಾಲ ಬಳಿ ಲದ್ದಿ, ಇನ್ನೂ ಹಬೆಯಾಡುವುದು,
ಅದರೊಳಗೆ ಕೆಂಪಗೆ ಹಣ್ಣು ಕಾಫಿ.
ಕೂಗಲಿಲ್ಲ ಅವಳು. ಕೈ ಹಿಂದೆ ಚಾಚಿ
ಅಂಗೈ ಒಂದನ್ನು ತೋರಿಸಿದಳು, ಅಷ್ಟೆ.
ಬಂದ ಹೆಜ್ಜೆಯ ಮೇಲೇ ಎಲ್ಲರೂ ತಿರುಗಿ ಬಂದರು.

ಹದಿನೇಳರ ಒಂದು ಎಲ್ಲಿ ಹೋಯಿತು?

ಆ ರಾತ್ರಿ ಶೆಡ್ಡಿನಲ್ಲೇ ಕೂತು ಕರ್ನಲ್ ಬಿಚ್ಚಿದೆ.
ಡಿವೈಸ್ ಟ್ರೀ ಎನ್ನುತ್ತಾರೆ ಆ ಕಡತಕ್ಕೆ,
ಮೆಣಸಿನ ಬಳ್ಳಿ ಹಬ್ಬದ ಮರ.
ಅದರ ಒಂದು ಟೊಂಗೆಯಲ್ಲಿ ಸತ್ತ ಪರದೆಯ ಅಭ್ಯಾಸಗಳು
ಇನ್ನೂ ಹಾಗೇ ಜೋತುಬಿದ್ದಿದ್ದವು.

ಸಾಲೊಂದಕ್ಕೆ ಕಾಣುವುದು ಎಂಟುನೂರು ಚುಕ್ಕಿ,
ಎಣಿಸುವುದು ಸಾವಿರದ ಐವತ್ತಾರು.
ಉಳಿದ ಇನ್ನೂರೈವತ್ತಾರು ಬರೀ ಕತ್ತಲೆ:
ಸಾಲು ಬರುವ ಮೊದಲು ಒಂದು ಜಗಲಿ, ಹೋದ ಮೇಲೆ ಒಂದು ಜಗಲಿ,
ನಡುವೆ ತಿರುಗು ಎಂಬ ಒಂದು ಕೂಗು.
ಮೊದಲು ಬರುವುದು ಹಿಂಜಗಲಿ, ಕೊನೆಗೆ ಮುಂಜಗಲಿ.
ಯಾವ ಪುಣ್ಯಾತ್ಮ ಹೆಸರಿಟ್ಟನೋ,
ಮನೆಯೊಳಗೆ ಬೆನ್ನು ಮುಂದಾಗಿ ಹೊಕ್ಕವನಿರಬೇಕು.

ಹಳೆಯದು ನಲವತ್ತಾರಕ್ಕೇ ಬಾಗಿಲು ತೆರೆಯುತ್ತಿತ್ತು.
ಹೊಸದು ಎಂಬತ್ತೆಂಟರ ತನಕ ಕಣ್ಣು ಬಿಡುವುದಿಲ್ಲ.
ನಾವು ಕಳಿಸಿದ ಮೊದಲ ನಲವತ್ತೆರಡು ಚುಕ್ಕಿ
ಮುಚ್ಚಿದ ಕದಕ್ಕೆ ಬಡಿದು ಬಿದ್ದವು.
ನಮ್ಮ ಒಂದು ಅಷ್ಟರಲ್ಲೇ ಇತ್ತು.
ಸಪೂರ ಅಂಕಿ, ಹೆಚ್ಚು ಜಾಗ ಕೇಳದ್ದು.

ಕುಶಾಲಪ್ಪ ಫ್ಲಾಸ್ಕಿನಿಂದ ಬೆಲ್ಲದ ಕಾಫಿ ಬಗ್ಗಿಸಿದರು.
‘ಎಷ್ಟು ಜೋರಾಗಿ ಓಡುತ್ತೆ ಇದು?’
ಸೆಕೆಂಡಿಗೆ ಮೂರು ಕೋಟಿ ಮೂವತ್ತೆರಡು ಲಕ್ಷ ಮಿಡಿತ.
‘ಚಿಲ್ಲರೆ?’
ಅರವತ್ತನಾಲ್ಕು ಸಾವಿರ.
‘ಹಾಗೆ ಹೇಳಿ ಮತ್ತೆ.’

ಹಿಂಜಗಲಿಗೆ ನಲವತ್ತೆರಡು ಸೇರಿಸಿದೆ,
ಮುಂಜಗಲಿಯಿಂದ ಅಷ್ಟನ್ನೇ ಕಿತ್ತೆ, ಒಟ್ಟು ಕೆಡಬಾರದು.
ಕಂಪೈಲು. ರೀಬೂಟು. ಕತ್ತಲೆ. ಇನ್ನೂ ಕತ್ತಲೆ.
ಆಮೇಲೆ ನಾಲ್ಕು ಅಂಚಿಗೂ ಒಂದೊಂದು ಚುಕ್ಕಿ ದಪ್ಪದ
ಬಿಳಿ ಗೆರೆ ಎಳೆದು ನೋಡಿದೆ. ಎಲ್ಲೂ ಹರಿದಿಲ್ಲ.
‘ನಮ್ಮ ಆನೆ ಕಂದಕ ಹೀಗಿದ್ದಿದ್ದರೆ’ ಎಂದರು.

ತಿದ್ದಿದ್ದಕ್ಕೆ ಷರಾ ಬರೆಯಬೇಕು, ಪದ್ಧತಿ.
ಪರದೆ ಬದಲಾಗಿದೆ, ಹಿಂಜಗಲಿ 46 ಇದ್ದದ್ದು 88.
ಅದರ ಕೆಳಗೆ, ದೋಷ ಕಂಡವರು:
ಕುಶಾಲಪ್ಪ ಎಂದು ಹೊಡೆದೆ.
‘ಅಳಿಸಿ. ನಾನು ಕಂಡದ್ದು ಅಂಚು.’
ಅಳಿಸಿದೆ. ಪಾಲಿ ಎಂದು ಬರೆದೆ.

ಹೆಸರಿನ ಮುಂದೆ ಇಮೇಲ್ ವಿಳಾಸ ಕೇಳುತ್ತದೆ ಆ ಜಾಗ.
ಕರ್ಸರ್ ಮಿಣುಕುತ್ತ ಕಾಯುತ್ತಿತ್ತು.
ಹೊರಗೆ ಹಾಜರಿಗೆ ಒಬ್ಬೊಬ್ಬರೇ ಬಂದು
ಕಟ್ಟೆಯ ಮೇಲೆ ಕೂರುವ ಸದ್ದು.

ಹದಿನೇಳನೇ ಬ್ಲಾಕು, ಬೇಲಿಯಿಂದ ಈಚೆ,
ಎಂದು ತುಂಬಿದೆ.